ಈಕ್ವಿಟಿ ಕರ್ವ್ ಇಳಿಯುತ್ತಿದೆಯಾ? ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಪೋರ್ಟ್‌ಫೋಲಿಯೋದ ಒಟ್ಟು ಮೌಲ್ಯವನ್ನು ದಿನವೂ ಬರೆದಿಟ್ಟು ಗೆರೆಯಾಗಿ ಎಳೆದರೆ ಸಿಗುವುದೇ ಈಕ್ವಿಟಿ ಕರ್ವ್. ಕೈಯಲ್ಲಿರುವ ನಗದು, ಹಿಡಿದಿರುವ ಷೇರುಗಳ ಇವತ್ತಿನ ಬೆಲೆ, ಎರಡನ್ನೂ ಕೂಡಿಸಬೇಕು. ಸಾಲ ತಗೊಂಡು ಷೇರು ಕೊಂಡಿದ್ದರೆ ಆ ಸಾಲವನ್ನು ಕಳೆಯಬೇಕು. ಈ ಗೆರೆಯನ್ನೇ ನೋಡಿಕೊಂಡು ಟ್ರೇಡಿಂಗ್ ನಿರ್ಧಾರ ಮಾಡುವವರು ಬಹಳ ಮಂದಿ ಇದ್ದಾರೆ. ಏರುತ್ತಿದ್ದರೆ ಹಣ ಜಾಸ್ತಿ ಹಾಕುವುದು, ಇಳಿದರೆ ಕಡಿಮೆ ಮಾಡುವುದು ಅಥವಾ ನಿಲ್ಲಿಸುವುದು.

ತೊಂದರೆ ಎಲ್ಲಿ ಬರುತ್ತದೆ ಅಂದರೆ, ಗೆರೆ ಇಳಿಯಲು ಕಾರಣ ಒಂದೇ ಇರುವುದಿಲ್ಲ. ಲೆಕ್ಕ ತಪ್ಪಿರಬಹುದು. ಇಡೀ ಮಾರುಕಟ್ಟೆ ಬಿದ್ದಿರಬಹುದು. ಖರ್ಚು ತಿಂದಿರಬಹುದು. ಪೊಸಿಷನ್, ಅಂದರೆ ಒಂದು ಷೇರಿನಲ್ಲಿ ಹಾಕಿರುವ ಹಣ, ದೊಡ್ಡದಾಗಿರಬಹುದು. ನಿಯಮ ಸರಿಯಿದ್ದು ಅದನ್ನು ಪಾಲಿಸದೇ ಇದ್ದಿರಬಹುದು. ವಿಧಾನವೇ ಹಳಸಿರಬಹುದು. ಅಥವಾ ಏನೂ ಆಗದೆ, ಸೋಲುಗಳು ಸುಮ್ನೆ ಒಂದರ ಹಿಂದೆ ಒಂದು ಬಂದಿರಬಹುದು. ಹೊರಗಿನಿಂದ ನೋಡಿದರೆ ಈ ಏಳೂ ಒಂದೇ ಥರ ಕಾಣುತ್ತವೆ. ಮದ್ದು ಮಾತ್ರ ಏಳಕ್ಕೂ ಬೇರೆ ಬೇರೆ. ಹೆಚ್ಚಿನವರು ನೇರವಾಗಿ ವಿಧಾನವನ್ನೇ ಬದಲಾಯಿಸಲು ಹೊರಡುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದದ್ದು. ಹುಡುಕಾಟವನ್ನು ಅಗ್ಗದ ಕಾರಣದಿಂದ ಶುರು ಮಾಡಿ ದುಬಾರಿ ಕಾರಣದ ಕಡೆಗೆ ಹೋಗಬೇಕು. ಲೆಕ್ಕದ ತಪ್ಪನ್ನು ಒಂದು ಸಂಜೆಯಲ್ಲಿ ಸರಿಪಡಿಸಬಹುದು. ಚೆನ್ನಾಗಿದ್ದ ವಿಧಾನವನ್ನು ಕೈಬಿಟ್ಟರೆ ಅದರ ಬೆಲೆ ವರ್ಷಗಟ್ಟಲೆ ಕಟ್ಟಬೇಕಾಗುತ್ತದೆ.

ಮೊದಲು ಗೆರೆಯೇ ಸರಿಯಿದೆಯಾ ನೋಡಿ

ತಕ್ಕಡಿ ಸರಿಯಿದೆಯಾ ಅಂತ ನೋಡದೆ ತೂಕದ ಬಗ್ಗೆ ಜಗಳ ಆಡಬಾರದು. ಈಕ್ವಿಟಿ ಕರ್ವ್‌ನ ದೂರುಗಳಲ್ಲಿ ಅನೇಕವು ಇಲ್ಲೇ ಮುಗಿಯುತ್ತವೆ.

ಎಲ್ಲಕ್ಕಿಂತ ಸಾಮಾನ್ಯ ದೋಷ ಅಂದರೆ ಹಣ ಹಾಕಿದ್ದು ಮತ್ತು ತೆಗೆದದ್ದು ಗೆರೆಯೊಳಗೆ ಸೇರಿಕೊಂಡಿರುವುದು. ಖಾತೆಗೆ ಹೊಸ ಹಣ ಬಂದ ದಿನ ಗೆರೆ ಜಿಗಿಯುತ್ತದೆ. ಹಣ ತೆಗೆದ ದಿನ ಬೀಳುತ್ತದೆ. ಎರಡಕ್ಕೂ ಟ್ರೇಡಿಂಗ್‌ಗೂ ಸಂಬಂಧ ಇಲ್ಲ. ಇದಕ್ಕೆ ಪರಿಹಾರ ಮ್ಯೂಚುವಲ್ ಫಂಡ್‌ಗಳು ಬಳಸುವ ಯೂನಿಟ್ ಲೆಕ್ಕ. ಒಂದು ಉದಾಹರಣೆ ನೋಡಿ. ಶುರುವಿನಲ್ಲಿ 1,00,000 ಇದೆ. ಒಂದು ಯೂನಿಟ್‌ಗೆ 100 ಅಂತ ಇಟ್ಟುಕೊಂಡರೆ 1,000 ಯೂನಿಟ್ ಆಯಿತು. ಖಾತೆ 1,10,000ಕ್ಕೆ ಬೆಳೆಯಿತು. ಯೂನಿಟ್ ಬೆಲೆ ಈಗ 110. ಆಗ ನೀವು 55,000 ಹಾಕುತ್ತೀರಿ. 110ರ ಬೆಲೆಯಲ್ಲಿ ಅದಕ್ಕೆ 500 ಹೊಸ ಯೂನಿಟ್ ಸಿಗುತ್ತವೆ. ಒಟ್ಟು 1,500 ಯೂನಿಟ್, 1,65,000 ಮೌಲ್ಯ. ಆಮೇಲೆ ಖಾತೆ 1,57,500ಕ್ಕೆ ಇಳಿಯಿತು. ಯೂನಿಟ್ ಬೆಲೆ 105. ಖಾತೆಯ ಮೊತ್ತವನ್ನು ಮಾತ್ರ ನೋಡಿದವರಿಗೆ 1,00,000 ಹೋಗಿ 1,57,500 ಆದಂತೆ ಕಾಣುತ್ತದೆ. ನಿಜವಾದ ಲಾಭ ಶೇ. 5 ಅಷ್ಟೇ. ಅದೂ ಶಿಖರದಿಂದ ಶೇ. 4.5ರಷ್ಟು ಕೆಳಗೆ ಬಂದು ನಿಂತಿದ್ದೀರಿ. ಇನ್ನು ಮುಂದೆ ನಿರ್ಧಾರಕ್ಕೆ ಬಳಸುವ ಗೆರೆ ಯೂನಿಟ್ ಬೆಲೆಯದ್ದೇ ಆಗಿರಲಿ.

ಒಂದೇ ದಿನ ಗೆರೆ ಮೆಟ್ಟಿಲಿನಂತೆ ಕೆಳಗಿಳಿದಿದ್ದರೆ, ಅವತ್ತು ಯಾವುದಾದರೂ ಷೇರು ಸ್ಪ್ಲಿಟ್ ಆಗಿದೆಯಾ (ಒಂದು ಷೇರು ಹಲವು ಸಣ್ಣ ಷೇರುಗಳಾಗುವುದು), ಬೋನಸ್ (ಕಂಪನಿ ಉಚಿತವಾಗಿ ಕೊಡುವ ಷೇರು) ಬಂದಿದೆಯಾ ನೋಡಿ. ಒಂದಕ್ಕೆ ಒಂದು ಬೋನಸ್ ಕೊಟ್ಟರೆ ಬೆಲೆ ಸುಮಾರು ಅರ್ಧಕ್ಕೆ ಬರುತ್ತದೆ. ಹೊಸ ಷೇರುಗಳು ಖಾತೆಗೆ ಕೆಲವು ದಿನ ತಡವಾಗಿ ಸೇರಬಹುದು. ಅಷ್ಟು ದಿನ ಗೆರೆಯಲ್ಲಿ ಇಲ್ಲದ ನಷ್ಟ ಕಾಣಿಸುತ್ತದೆ. ಡಿವಿಡೆಂಡ್ ಕೂಡ ಹೀಗೇ. ಅದು ಟ್ರೇಡಿಂಗ್ ಖಾತೆಗೆ ಬರದೆ ಬ್ಯಾಂಕ್ ಖಾತೆಗೆ ನೇರವಾಗಿ ಹೋಗುತ್ತಿದ್ದರೆ, ಗೆರೆ ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಕಡಿಮೆ ತೋರಿಸುತ್ತಾ ಹೋಗುತ್ತದೆ.

ಗೆರೆ ಕೆಲವು ದಿನ ಮಟ್ಟಸವಾಗಿ ಹೋಗಿ ಆಮೇಲೆ ಜಿಗಿದರೆ, ವಹಿವಾಟು ನಿಂತಿದ್ದ ಅಥವಾ ಬಹಳ ಕಡಿಮೆ ವಹಿವಾಟಿನ ಷೇರಿನ ಹಳೆಯ ಬೆಲೆ ಹಾಗೇ ಉಳಿದಿರುವ ಸಾಧ್ಯತೆ ಜಾಸ್ತಿ.

ಇನ್ನೊಂದು ದೊಡ್ಡ ದೋಷ ಇದೆ. ಮಾರಿ ಮುಗಿಸಿದ ಟ್ರೇಡ್‌ಗಳಿಂದ ಮಾತ್ರ ಗೆರೆ ಎಳೆಯುವುದು. ಇನ್ನೂ ಕೈಯಲ್ಲಿರುವ ನಷ್ಟದ ಷೇರು ಅದರಲ್ಲಿ ಕಾಣುವುದೇ ಇಲ್ಲ. ಲಾಭ ಬಂದ ಕೂಡಲೇ ಮಾರಿ, ನಷ್ಟವನ್ನು ಹಿಡಿದು ಕೂರುವವರ ಗೆರೆ ಈ ಲೆಕ್ಕದಲ್ಲಿ ಬಹಳ ಚೆಂದ ಇರುತ್ತದೆ. ಎರಡೂ ಗೆರೆಗಳನ್ನು ಒಂದೇ ಚಿತ್ರದಲ್ಲಿ ಎಳೆಯಿರಿ: ಮುಗಿದ ಟ್ರೇಡ್‌ಗಳದ್ದು ಒಂದು, ಇವತ್ತಿನ ಮಾರುಕಟ್ಟೆ ಬೆಲೆಯದ್ದು ಇನ್ನೊಂದು. ಎರಡರ ನಡುವಿನ ಅಂತರ ತಿಂಗಳಿಂದ ತಿಂಗಳಿಗೆ ಅಗಲವಾಗುತ್ತಿದ್ದರೆ ದೋಷ ಅಲ್ಲೇ ಸಿಕ್ಕಿತು.

ಕೊನೆಯದಾಗಿ, ಹಲವು ವರ್ಷಗಳ ಗೆರೆಯನ್ನು, ಸಮಾನ ಶೇಕಡಾ ಬದಲಾವಣೆ ಸಮಾನ ಎತ್ತರವಾಗಿ ಕಾಣುವ ಲಾಗ್ ಸ್ಕೇಲ್‌ನಲ್ಲಿ ನೋಡಿ. ಸಾಮಾನ್ಯ ಸ್ಕೇಲ್‌ನಲ್ಲಿ ಖಾತೆ ದೊಡ್ಡದಾದಂತೆ ಇತ್ತೀಚಿನ ಇಳಿತಗಳೇ ಭಯಂಕರವಾಗಿ ಕಾಣುತ್ತವೆ. ಶುರುವಿನ ಶೇ. 20ರ ಇಳಿತ ಒಂದು ಸಣ್ಣ ಸುಕ್ಕಿನಂತೆ ಕಾಣುತ್ತದೆ.

ಗೆರೆ ತೀರಾ ನಯವಾಗಿದ್ದರೂ ಪರೀಕ್ಷೆ ಬೇಕು

ಇದನ್ನು ದೋಷ ಅಂತ ಯಾರೂ ತರುವುದಿಲ್ಲ. ಆದರೆ ನನಗೆ ಅತಿ ಹೆಚ್ಚು ಆತಂಕ ಆಗುವುದು ಇಂಥ ಗೆರೆ ನೋಡಿದಾಗಲೇ. ಷೇರು ಬೆಲೆ ದಿನವೂ ಏರಿಳಿಯುತ್ತದೆ. ಅದರಿಂದ ಹುಟ್ಟಿದ ಗೆರೆ ಸ್ಕೇಲಿಟ್ಟು ಎಳೆದಂತೆ ಇದ್ದರೆ, ರಿಸ್ಕ್ ಎಲ್ಲೋ ಅಡಗಿದೆ ಎಂದೇ ಅರ್ಥ. ಜನರ ಹಣ ಹೂಡುತ್ತೇನೆಂದು ಮೋಸ ಮಾಡಿದ ಅಮೆರಿಕದ ಬರ್ನಾರ್ಡ್ ಮೇಡಾಫ್ ತೋರಿಸುತ್ತಿದ್ದ ಲಾಭದ ಗೆರೆ ಹಾಗೇ ಇತ್ತು. ಹ್ಯಾರಿ ಮಾರ್ಕೊಪೊಲೊಸ್ ಎಂಬ ವಿಶ್ಲೇಷಕ ಅದನ್ನು ನೋಡಿಯೇ ಅನುಮಾನ ಪಟ್ಟು, 2000ದಿಂದಲೇ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆಗೆ ದೂರು ಕೊಟ್ಟಿದ್ದರು. ಮೇಡಾಫ್ ಬಂಧನ ಆದದ್ದು 2008ರ ಡಿಸೆಂಬರ್‌ನಲ್ಲಿ. ಅದು ಮೋಸದ ಕಥೆ. ಮೋಸ ಇಲ್ಲದೆಯೂ ಹೀಗೆ ಆಗುತ್ತದೆ. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಫಂಡ್ 1994ರಲ್ಲಿ ಶುರುವಾಗಿ, ಕೆಲವು ವರ್ಷ ಬಹಳ ನಯವಾದ ಲಾಭ ತೋರಿಸಿತು. 1998ರಲ್ಲಿ ಕೆಲವೇ ತಿಂಗಳಲ್ಲಿ ಬಂಡವಾಳದ ಬಹುಪಾಲು ಹೋಯಿತು. ಸಾಲದ ಪ್ರಮಾಣ ವಿಪರೀತ ಇತ್ತು.

ಚಿಕ್ಕ ಖಾತೆಯಲ್ಲಿ ಇದೇ ಆಕಾರ ಬರುವುದು ಸಾಮಾನ್ಯವಾಗಿ ಎರಡು ಅಭ್ಯಾಸಗಳಿಂದ. ಬಿದ್ದ ಷೇರನ್ನು ಮತ್ತೆ ಮತ್ತೆ ಕೊಂಡು ಸರಾಸರಿ ಇಳಿಸುವುದು ಒಂದು. ಆಪ್ಷನ್ (ನಿಗದಿತ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕು) ಮಾರಿ, ಅದಕ್ಕೆ ಸಿಗುವ ಸಣ್ಣ ಸಣ್ಣ ಪ್ರೀಮಿಯಂ ಕೂಡಿಸುವುದು ಇನ್ನೊಂದು. ತಿಂಗಳುಗಟ್ಟಲೆ ಏರು, ಒಂದು ದಿನ ಪ್ರಪಾತ. ಇಂಥ ಗೆರೆ ನೋಡಿ ಪೊಸಿಷನ್ ಹೆಚ್ಚಿಸುವುದು ಅತ್ಯಂತ ಅಪಾಯದ ನಿರ್ಧಾರ. ಪ್ರಪಾತದ ಅಂಚು ಹತ್ತಿರವಾದಷ್ಟೂ ಗೆರೆ ಹೆಚ್ಚು ಧೈರ್ಯ ಕೊಡುತ್ತಿರುತ್ತದೆ.

ಮಾರುಕಟ್ಟೆಯ ಪಾಲನ್ನು ಬೇರೆ ಮಾಡಿ

ಯೂನಿಟ್ ಬೆಲೆಯನ್ನು ಮಾರುಕಟ್ಟೆಯ ಒಟ್ಟು ಏರಿಳಿತ ತೋರಿಸುವ ಇಂಡೆಕ್ಸ್‌ನಿಂದ ಭಾಗಿಸಿ, ಆ ಅನುಪಾತದ ಗೆರೆ ಎಳೆಯಿರಿ. ಡಿವಿಡೆಂಡ್ ಸೇರಿದ ಇಂಡೆಕ್ಸ್ ಬಳಸಬೇಕು. ಇಲ್ಲದಿದ್ದರೆ ನೀವು ಸುಮ್ನೆ ಗೆಲ್ಲುತ್ತಿರುವಂತೆ ಕಾಣುತ್ತದೆ. ಸಣ್ಣ ಕಂಪನಿಗಳ ಷೇರು ಹಿಡಿದಿದ್ದರೆ ಸಣ್ಣ ಕಂಪನಿಗಳ ಇಂಡೆಕ್ಸ್‌ಗೇ ಹೋಲಿಸಿ.

ನಿಮ್ಮ ಗೆರೆ ಇಳಿಯುತ್ತಿದ್ದು ಅನುಪಾತ ಮಟ್ಟಸವಾಗಿದ್ದರೆ, ಷೇರು ಆರಿಸುವುದರಲ್ಲಿ ತೊಂದರೆ ಇಲ್ಲ. ಎಷ್ಟು ಹಣವನ್ನು ಮಾರುಕಟ್ಟೆಯಲ್ಲಿ ಇಟ್ಟಿದ್ದೀರಿ ಎಂಬುದಷ್ಟೇ ಪ್ರಶ್ನೆ. ಅನುಪಾತವೂ ಇಳಿಯುತ್ತಿದ್ದರೆ ಮುಂದಿನ ಹಂತಗಳಿಗೆ ಹೋಗಿ. ಇನ್ನೊಂದು ಸಂದರ್ಭವನ್ನು ಬಹಳ ಜನ ಗಮನಿಸುವುದಿಲ್ಲ: ನಿಮ್ಮ ಗೆರೆ ಏರುತ್ತಿದೆ, ಆದರೆ ಅನುಪಾತ ಇಳಿಯುತ್ತಿದೆ. ಎಲ್ಲರ ಷೇರೂ ಏರುತ್ತಿರುವ ಕಾಲದಲ್ಲಿ ಹೀಗಾಗುತ್ತದೆ. ಆಗ ಸಿಕ್ಕಿದ ಲಾಭವನ್ನು ನಿಮ್ಮ ವಿಧಾನದ ಲಾಭ ಅಂದುಕೊಂಡು ಹಣ ದುಪ್ಪಟ್ಟು ಮಾಡಿದರೆ, ಮಾರುಕಟ್ಟೆ ತಿರುಗಿದಾಗ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ.

ಖರ್ಚು

ಗೆರೆ ನಿಧಾನವಾಗಿ, ಸಮವಾಗಿ, ಯಾವ ದೊಡ್ಡ ನಷ್ಟವೂ ಇಲ್ಲದೆ ಜಾರುತ್ತಿದ್ದರೆ ಮೊದಲ ಅನುಮಾನ ಖರ್ಚಿನ ಮೇಲೆ ಇರಲಿ. ಬ್ರೋಕರೇಜ್, ತೆರಿಗೆ, ಜೊತೆಗೆ ನೀವು ಅಂದುಕೊಂಡ ಬೆಲೆಗೂ ಸಿಕ್ಕಿದ ಬೆಲೆಗೂ ಇರುವ ವ್ಯತ್ಯಾಸ. ಕೊಂಡು ಮಾರುವುದಕ್ಕೆ ಒಟ್ಟು ಶೇ. 0.4 ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಟ್ರೇಡ್‌ಗೆ ಬಂಡವಾಳದ ಶೇ. 10 ಬಳಸುತ್ತೀರಿ. ವರ್ಷಕ್ಕೆ 120 ಟ್ರೇಡ್ ಮಾಡಿದರೆ ಖರ್ಚು ಬಂಡವಾಳದ ಶೇ. 4.8. 250 ಟ್ರೇಡ್ ಮಾಡಿದರೆ ಶೇ. 10. ಅಂದರೆ ಶೂನ್ಯಕ್ಕೆ ಬರಲು ಮೊದಲು ಶೇ. 10 ಗಳಿಸಬೇಕು! ಬ್ಯಾಕ್‌ಟೆಸ್ಟ್‌ನಲ್ಲಿ (ಹಳೆಯ ಬೆಲೆಗಳ ಮೇಲೆ ವಿಧಾನವನ್ನು ಓಡಿಸಿ ನೋಡುವ ಪರೀಕ್ಷೆ) ಚೆನ್ನಾಗಿ ಏರಿದ ವಿಧಾನ ನಿಜವಾದ ಖಾತೆಯಲ್ಲಿ ಮಟ್ಟಸವಾಗಿ ಹೋದರೂ ಮೊದಲು ಇಲ್ಲೇ ನೋಡಿ. ಖರ್ಚು ಸೇರಿಸದೆ ಮಾಡಿದ ಬ್ಯಾಕ್‌ಟೆಸ್ಟ್ ಏನನ್ನೂ ಹೇಳುವುದಿಲ್ಲ.

ಸೋಲಿನ ಸಾಲು ಸಹಜವೋ ಅಲ್ಲವೋ

ಇಲ್ಲಿಂದ ವಿಷಯ ಕಷ್ಟವಾಗುತ್ತದೆ, ಮುಖ್ಯವೂ ಆಗುತ್ತದೆ. ಸ್ವಲ್ಪ ತಾಳ್ಮೆ ಇಟ್ಟು ಓದಿ.

100ಕ್ಕೆ 45 ಸಲ ಗೆಲ್ಲುವ ವಿಧಾನ ನಿಮ್ಮದು ಎಂದಿಟ್ಟುಕೊಳ್ಳಿ. ಗೆದ್ದಾಗ 2 ಬರುತ್ತದೆ, ಸೋತಾಗ 1 ಹೋಗುತ್ತದೆ. ಪ್ರತಿ ಟ್ರೇಡ್‌ನ ಸರಾಸರಿ ಗಳಿಕೆ 0.45 × 2 − 0.55 × 1 = 0.35. ಇದು ಒಳ್ಳೆಯ ವಿಧಾನ. ಆದರೂ 200 ಟ್ರೇಡ್‌ಗಳಲ್ಲಿ ಅತಿ ಉದ್ದದ ಸೋಲಿನ ಸಾಲು ಸರಾಸರಿ 8ರ ಆಸುಪಾಸು ಇರುತ್ತದೆ. ಸತತ 8 ಸೋಲು! ಯಾವ ದೋಷವೂ ಇಲ್ಲದೆ. ಅದು ಬಂದಾಗ ಖಾತೆಗೆ ಏನಾಗುತ್ತದೆ ಎಂಬುದು ಪ್ರತಿ ಟ್ರೇಡ್‌ನಲ್ಲಿ ಎಷ್ಟು ಪಣಕ್ಕಿಟ್ಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಖಾತೆಯ ಶೇ. 1 ಇಟ್ಟಿದ್ದರೆ ಅದು ಶೇ. 7.7 ಇಳಿಯುತ್ತದೆ. ಶೇ. 3 ಆದರೆ ಶೇ. 21.6. ಶೇ. 5 ಆದರೆ ಶೇ. 33.7. ವಿಧಾನ ಅದೇ, ಷೇರುಗಳೂ ಅವೇ. ಒಬ್ಬರಿಗೆ ಸಣ್ಣ ತಗ್ಗು, ಇನ್ನೊಬ್ಬರಿಗೆ ನಿದ್ದೆ ಬಾರದ ರಾತ್ರಿಗಳು.

ಇಳಿದದ್ದನ್ನು ಮತ್ತೆ ಏರಿಸುವುದು ಇಳಿತಕ್ಕಿಂತ ಕಷ್ಟ ಎಂಬುದೂ ನೆನಪಿರಲಿ. ಶೇ. 10 ಬಿದ್ದರೆ ಶೇ. 11.1 ಏರಬೇಕು. ಶೇ. 20ಕ್ಕೆ ಶೇ. 25. ಶೇ. 30ಕ್ಕೆ ಸುಮಾರು ಶೇ. 43. ಶೇ. 50 ಬಿದ್ದರೆ ಶೇ. 100.

ಈಗಿನ ಇಳಿತ ಸಹಜವೋ ಅಲ್ಲವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ನಿಮ್ಮ ಹಳೆಯ ಟ್ರೇಡ್‌ಗಳ ಫಲಿತಾಂಶವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಕಾಲಂನಲ್ಲಿ ಹಾಕಿ. ಪಕ್ಕದಲ್ಲಿ ರ‍್ಯಾಂಡಮ್ ಸಂಖ್ಯೆಗಳನ್ನು ಹಾಕಿ, ಅದರ ಪ್ರಕಾರ ಕ್ರಮ ಕಲಸಿ. ಹೊಸ ಕ್ರಮದಲ್ಲಿ ಗೆರೆ ಎಳೆದು, ಅತಿ ಆಳದ ಡ್ರಾಡೌನ್ (ಶಿಖರದಿಂದ ಕೆಳಗಿಳಿದ ಶೇಕಡಾ) ಬರೆದಿಡಿ. ಇದನ್ನು ಸಾವಿರ ಸಲ ಮಾಡಿಸಿ. ಸಣ್ಣ ಮ್ಯಾಕ್ರೋ ಸಾಕು. ಆ ಸಾವಿರದಲ್ಲಿ 950 ಗೆರೆಗಳು ಯಾವ ಆಳದೊಳಗೆ ನಿಂತವು ಎಂದು ನೋಡಿ. ನಿಮ್ಮ ಈಗಿನ ಇಳಿತ ಅದರೊಳಗೇ ಇದ್ದರೆ, ವಿಧಾನ ಕೆಟ್ಟಿದೆ ಎನ್ನಲು ಆಧಾರ ಇಲ್ಲ. ಮೀರಿದ್ದರೆ ಮುಂದಕ್ಕೆ ಹುಡುಕಬೇಕು. ಈ ಪರೀಕ್ಷೆಗೂ ಒಂದು ಮಿತಿ ಇದೆ. ಕಲಸಿದಾಗ ಸೋಲುಗಳು ಗುಂಪಾಗಿ ಬರುವ ಗುಣ ಅಳಿಸಿಹೋಗುತ್ತದೆ. ನಿಜ ಜೀವನದಲ್ಲಿ ಒಂದೇ ವಾರದಲ್ಲಿ ಹತ್ತು ಪೊಸಿಷನ್ ಒಟ್ಟಿಗೆ ಬೀಳಬಹುದು. ಅದಕ್ಕೆ ಟ್ರೇಡ್‌ಗಳ ಬದಲು ವಾರದ ಫಲಿತಾಂಶಗಳನ್ನು ಕಲಸಿದರೆ ಉತ್ತರ ನಿಜಕ್ಕೆ ಹತ್ತಿರವಾಗುತ್ತದೆ.

ದಿನಕ್ಕೆ ಹತ್ತು ಸಲ ಗೆರೆ ನೋಡುವ ಅಭ್ಯಾಸವೂ ಇಲ್ಲಿ ತೊಂದರೆ ಕೊಡುತ್ತದೆ. ವರ್ಷಕ್ಕೆ ಸರಾಸರಿ ಶೇ. 15 ಗಳಿಸುವ, ಶೇ. 15ರಷ್ಟು ಏರಿಳಿತ ಇರುವ ಪೋರ್ಟ್‌ಫೋಲಿಯೋ ತೆಗೆದುಕೊಳ್ಳಿ. ಅಂಕಿಅಂಶಗಳ ಸಾಮಾನ್ಯ ಲೆಕ್ಕದಲ್ಲಿ ನೂರಕ್ಕೆ 84 ವರ್ಷಗಳು ಲಾಭದಲ್ಲಿ ಮುಗಿಯುತ್ತವೆ. ತಿಂಗಳುಗಳು ನೂರಕ್ಕೆ 61. ದಿನಗಳು ನೂರಕ್ಕೆ 52 ಅಥವಾ 53. ದಿನದಿನದ ಗೆರೆ ನಾಣ್ಯ ಚಿಮ್ಮಿದಂತೆಯೇ ಇರುತ್ತದೆ, ಅಲ್ವಾ? ಅದರಿಂದ ನಿರ್ಧಾರ ತೆಗೆದರೆ ಗದ್ದಲಕ್ಕೆ ಉತ್ತರ ಕೊಟ್ಟಂತೆ. ದಿನವೂ ಬರೆದಿಡಿ, ವಾರಕ್ಕೊಮ್ಮೆ ನೋಡಿ.

ಇಳಿತವನ್ನು ಬಿಡಿಸಿ ನೋಡುವುದು

ಸಹಜದ ಮಿತಿ ಮೀರಿದೆ ಎಂದಾಯಿತು. ಈಗ ಕೊನೆಯ 50 ಟ್ರೇಡ್‌ಗಳನ್ನೂ ಅದರ ಹಿಂದಿನ 50 ಟ್ರೇಡ್‌ಗಳನ್ನೂ ಪಕ್ಕಪಕ್ಕ ಇಡಿ. ಗೆಲುವಿನ ಪ್ರಮಾಣ, ಗೆದ್ದಾಗಿನ ಸರಾಸರಿ, ಸೋತಾಗಿನ ಸರಾಸರಿ. ಮೂರೇ ಸಂಖ್ಯೆ.

ಗೆಲುವಿನ ಪ್ರಮಾಣ ಶೇ. 45ರಿಂದ 44ಕ್ಕೆ ಬಂದಿದೆ, ಆದರೆ ಗೆಲುವಿನ ಸರಾಸರಿ 2ರಿಂದ 1.3ಕ್ಕೆ ಇಳಿದಿದೆ ಎನ್ನಿ. ಲೆಕ್ಕ ಹಾಕಿದರೆ ಗಳಿಕೆ 0.35 ಇದ್ದದ್ದು 0.012 ಆಗಿದೆ. ಅಂದರೆ ಹೆಚ್ಚುಕಡಿಮೆ ಸೊನ್ನೆ. ಷೇರು ಆರಿಸುವ ಕಣ್ಣು ಸರಿಯಿದೆ. ಲಾಭವನ್ನು ಬೇಗ ಮಾರುತ್ತಿದ್ದೀರಿ. ಗೆರೆ ಇಳಿದ ಮೇಲೆ ಮನಸ್ಸು ಹೆದರಿ, ಸಿಕ್ಕಿದಷ್ಟು ಸಾಕು ಅನ್ನುವಾಗ ಹೀಗಾಗುತ್ತದೆ. ಗೆರೆಯೇ ಗೆರೆಯನ್ನು ಕೆಡಿಸಿದಂತೆ.

ಇನ್ನೊಂದು ಬಗೆ: ಗೆಲುವು ಹಾಗೇ ಇದೆ, ಸೋಲಿನ ಸರಾಸರಿ 1ರಿಂದ 1.5ಕ್ಕೆ ಹೋಗಿದೆ. ಗಳಿಕೆ 0.075. ಇಲ್ಲಿ ಸ್ಟಾಪ್ ಲಾಸ್ (ನಷ್ಟ ನಿಲ್ಲಿಸಲು ಮಾರಿಬಿಡುವ ಬೆಲೆ) ಅನ್ನು ಕೆಳಗೆ ಸರಿಸಿದ್ದೀರಾ ನೋಡಿ. ಅಥವಾ ರಾತ್ರಿ ಬಂದ ಸುದ್ದಿಯಿಂದ ಬೆಲೆ ಸ್ಟಾಪ್ ದಾಟಿಯೇ ತೆರೆದುಕೊಳ್ಳುತ್ತಿದೆಯಾ ನೋಡಿ. ಮೊದಲನೆಯದಕ್ಕೆ ಶಿಸ್ತು ಬೇಕು. ಎರಡನೆಯದಕ್ಕೆ ಪೊಸಿಷನ್ ಸಣ್ಣದು ಮಾಡಬೇಕು.

ಗೆಲುವಿನ ಪ್ರಮಾಣ ಮಾತ್ರ ಬಿದ್ದಿದ್ದರೆ ಅವಸರ ಬೇಡ. 50 ಟ್ರೇಡ್‌ಗಳಲ್ಲಿ ಶೇ. 45 ಎಂಬ ಸಂಖ್ಯೆ ಬರೀ ಅದೃಷ್ಟದಿಂದಲೇ 7 ಅಂಶ ಮೇಲೆ ಕೆಳಗೆ ಆಗುವುದು ಮಾಮೂಲು. 38ಕ್ಕೆ ಬಂದರೆ ಅದು ಸುದ್ದಿಯೇ ಅಲ್ಲ. 28ಕ್ಕೆ ಬಂದರೆ ಸುದ್ದಿ.

ಒಂದೇ ಸೆಕ್ಟರ್‌ನ ಷೇರುಗಳು ಒಟ್ಟಿಗೆ ಬಿದ್ದಿವೆಯಾ ಎಂಬುದನ್ನೂ ನೋಡಿ. ಎಂಟು ಷೇರು ಹಿಡಿದಿದ್ದರೂ ಎಂಟೂ ಬ್ಯಾಂಕ್ ಷೇರುಗಳಾದರೆ ಅದು ಒಂದೇ ದೊಡ್ಡ ಪೊಸಿಷನ್. ಹಾಗೆಯೇ ಹಳೆಯ ಏರಿಕೆ ಯಾವುದರಿಂದ ಬಂದಿತ್ತು ಎಂಬುದೂ ಮುಖ್ಯ. ಅತಿ ದೊಡ್ಡ ಐದು ಲಾಭಗಳನ್ನು ತೆಗೆದು ಗೆರೆ ಎಳೆದು ನೋಡಿ. ಆಗ ಗೆರೆ ಮಟ್ಟಸವಾಗಿಬಿಟ್ಟರೆ, ಈಗ ನೀವು ನೋಡುತ್ತಿರುವುದು ಇಳಿತ ಅಲ್ಲದಿರಬಹುದು, ಮುಂದಿನ ದೊಡ್ಡ ಲಾಭ ಇನ್ನೂ ಬಾರದಿರುವುದು ಅಷ್ಟೇ. ಟ್ರೆಂಡ್ ಹಿಂಬಾಲಿಸುವವರ, ಅಂದರೆ ಏರುತ್ತಿರುವುದನ್ನು ಕೊಂಡು ಏರಿಕೆ ನಿಲ್ಲುವವರೆಗೆ ಹಿಡಿಯುವವರ, ಗೆರೆ ಇರುವುದೇ ಹೀಗೆ. ಆ ಒಂದು ಲಾಭ ಬರುವ ಮುಂಚಿನ ವಾರ ನಿಲ್ಲಿಸಿಬಿಡುವುದು ಅವರಿಗೆ ಆಗುವ ಅತಿ ದೊಡ್ಡ ನಷ್ಟ.

"ಗೆರೆ ಸರಾಸರಿಗಿಂತ ಕೆಳಗೆ ಬಂದರೆ ನಿಲ್ಲಿಸು" ಎಂಬ ನಿಯಮ ಕೆಲಸ ಮಾಡುತ್ತಿಲ್ಲ

ಈ ನಿಯಮ ಬಹಳ ಜನಪ್ರಿಯ. ಈಕ್ವಿಟಿ ಕರ್ವ್ ಮೇಲೆ ಒಂದು ಮೂವಿಂಗ್ ಆವರೇಜ್, ಅಂದರೆ ಕೊನೆಯ ಕೆಲವು ದಿನಗಳ ಸರಾಸರಿಯ ಗೆರೆ, ಹಾಕುವುದು. ಗೆರೆ ಅದರ ಮೇಲಿದ್ದರೆ ಟ್ರೇಡ್, ಕೆಳಗೆ ಬಂದರೆ ವಿಶ್ರಾಂತಿ. ಷೇರಿಗೆ ಮಾಡುವುದನ್ನೇ ನಮ್ಮ ಗೆರೆಗೂ ಮಾಡುವುದು. ಇದು ಕೈಕೊಡುವ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಬರೀ ಜೋಡಣೆಯ ದೋಷ. ಟ್ರೇಡ್ ನಿಲ್ಲಿಸಿದ ಮೇಲೆ ನಿಜವಾದ ಗೆರೆ ಅಲ್ಲಾಡುವುದೇ ಇಲ್ಲ. ಮಟ್ಟಸವಾಗಿ ಹೋಗುತ್ತದೆ. ಸರಾಸರಿ ಇಳಿದು ಇಳಿದು ಅದನ್ನೇ ಮುಟ್ಟುತ್ತದೆ. ಆಗ ಸಿಗುವ "ಮತ್ತೆ ಶುರು ಮಾಡು" ಎಂಬ ಸೂಚನೆಗೆ ಅರ್ಥವೇ ಇಲ್ಲ. ಅದು ಕ್ಯಾಲೆಂಡರ್ ತಿರುವಿದ್ದರಿಂದ ಬಂದ ಸೂಚನೆ. ಪರಿಹಾರ: ನೆರಳು ಗೆರೆ. ನೀವು ಹಣ ಹಾಕಿರಲಿ, ಬಿಟ್ಟಿರಲಿ, ವಿಧಾನ ಕೊಟ್ಟ ಪ್ರತಿ ಸೂಚನೆಯನ್ನೂ ಖರ್ಚು ಸೇರಿಸಿ ಬೇರೊಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ನಿಲ್ಲಿಸುವ ಮತ್ತು ಶುರು ಮಾಡುವ ನಿರ್ಧಾರ ಆ ನೆರಳು ಗೆರೆಯಿಂದಲೇ ಬರಬೇಕು.

ಎರಡನೆಯದು ಮೂಲದ ಪ್ರಶ್ನೆ. ಸೋಲಿನ ನಂತರ ಸೋಲು ಬರುವ ಸಾಧ್ಯತೆ ಜಾಸ್ತಿ ಇದ್ದರೆ ಮಾತ್ರ ಈ ನಿಯಮಕ್ಕೆ ಬೆಲೆ. ಪ್ರತಿ ಟ್ರೇಡ್ ಹಿಂದಿನದಕ್ಕೆ ಸಂಬಂಧವೇ ಇಲ್ಲದೆ ಬರುತ್ತಿದ್ದರೆ, ನಿಲ್ಲಿಸಿದ್ದರಿಂದ ಪ್ರತಿ ಟ್ರೇಡ್‌ನ ಗಳಿಕೆ ಹೆಚ್ಚುವುದಿಲ್ಲ. ಒಳ್ಳೆಯ ಟ್ರೇಡ್‌ಗಳ ಸಂಖ್ಯೆ ಮಾತ್ರ ಕಡಿಮೆ ಆಗುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ನೆರಳು ಹಾಳೆಯಿಂದ 200 ಟ್ರೇಡ್ ತೆಗೆದುಕೊಳ್ಳಿ. ಗೆಲುವಿನ ನಂತರದ ಟ್ರೇಡ್‌ಗಳಲ್ಲಿ ಎಷ್ಟು ಗೆದ್ದವು? ಸೋಲಿನ ನಂತರದವುಗಳಲ್ಲಿ ಎಷ್ಟು? ಶೇ. 46 ಮತ್ತು 44 ಬಂದರೆ ನಿಯಮವನ್ನು ಪಕ್ಕಕ್ಕಿಡಿ. ಶೇ. 55 ಮತ್ತು 36 ಬಂದರೆ ಅಲ್ಲಿ ಏನೋ ಇದೆ. ಒಟ್ಟೊಟ್ಟಿಗೆ ಅನೇಕ ಪೊಸಿಷನ್ ಇಡುವವರು ಇಲ್ಲೂ ವಾರದ ಫಲಿತಾಂಶಗಳನ್ನೇ ಬಳಸಲಿ.

ಉತ್ತರ ಹೆಚ್ಚಾಗಿ ವಿಧಾನದ ಸ್ವಭಾವದ ಮೇಲೆ ನಿಂತಿರುತ್ತದೆ. ಟ್ರೆಂಡ್ ಹಿಂಬಾಲಿಸುವ ವಿಧಾನಕ್ಕೆ ಮಾರುಕಟ್ಟೆ ಅಡ್ಡಡ್ಡ ಓಡಾಡುವ ಕಾಲದಲ್ಲಿ ಸೋಲುಗಳು ಗುಂಪಾಗಿ ಬರುತ್ತವೆ. ಅಲ್ಲಿ ಈ ನಿಯಮ ಸ್ವಲ್ಪ ನೆರವಾಗಬಹುದು. ಬಿದ್ದಾಗ ಕೊಂಡು ಏರಿದಾಗ ಮಾರುವ ವಿಧಾನಕ್ಕೆ ಇದು ತದ್ವಿರುದ್ಧ. ಗೆರೆ ಅತಿ ಕೆಳಗೆ ಇರುವಾಗಲೇ ಅದಕ್ಕೆ ಅತಿ ಒಳ್ಳೆಯ ಅವಕಾಶ ಸಿಗುತ್ತಿರುತ್ತದೆ. ಅಲ್ಲಿ ನಿಲ್ಲಿಸುವುದು ನೇರವಾದ ಹಾನಿ.

2007ರ ಆಗಸ್ಟ್ ತಿಂಗಳ ಎರಡನೇ ವಾರ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. ಅಮೆರಿಕದಲ್ಲಿ ಕಂಪ್ಯೂಟರ್ ಲೆಕ್ಕದಿಂದ ಷೇರು ಕೊಂಡು ಮಾರುವ ಅನೇಕ ಫಂಡ್‌ಗಳು ಸೋಮವಾರ, 6ನೇ ತಾರೀಖಿನಿಂದ ಗುರುವಾರ 9ರವರೆಗೆ ಭಾರಿ ನಷ್ಟ ಕಂಡವು. ಒಟ್ಟಾರೆ ಇಂಡೆಕ್ಸ್ ಅಷ್ಟೇನೂ ಬಿದ್ದಿರಲಿಲ್ಲ. ಒಂದೇ ಥರದ ಷೇರುಗಳನ್ನು ಹಿಡಿದಿದ್ದವರು ಒಟ್ಟಿಗೆ ಬಿಡಿಸಿಕೊಳ್ಳಲು ಹೊರಟದ್ದೇ ಕಾರಣ ಎಂಬುದು ಆಮೇಲೆ ಬಂದ ವಿವರಣೆ. ಶುಕ್ರವಾರ 10ರಂದು ಅವೇ ಷೇರುಗಳು ಜೋರಾಗಿ ತಿರುಗಿದವು. ಗುರುವಾರ ಗೆರೆ ನೋಡಿ ಹೆದರಿ ಪೊಸಿಷನ್ ಕತ್ತರಿಸಿದವರಿಗೆ ನಷ್ಟ ಪೂರ್ತಿ ಉಳಿಯಿತು, ತಿರುಗಿದ ಲಾಭ ಸಿಗಲಿಲ್ಲ. ಆದರೆ ಸಾಲ ವಿಪರೀತ ಇದ್ದವರಿಗೆ ಕತ್ತರಿಸದೆ ಬೇರೆ ದಾರಿಯೂ ಇರಲಿಲ್ಲ. ಹಾಗಾಗಿ ನಿಲ್ಲಿಸುವ ನಿಯಮ ಸರಿಯೋ ತಪ್ಪೋ ಎಂಬ ಪ್ರಶ್ನೆಗಿಂತ ಮುಂಚೆ, ಕಾಯುವಷ್ಟು ಸಣ್ಣ ಪೊಸಿಷನ್ ಇಟ್ಟಿದ್ದೇವಾ ಎಂಬ ಪ್ರಶ್ನೆ ಬರುತ್ತದೆ.

ಮೂರನೆಯ ಕಾರಣ, ಸರಾಸರಿಯ ಅವಧಿಯನ್ನು ಹಳೆಯ ಗೆರೆಗೆ ಹೊಂದಿಸಿ ಆರಿಸುವುದು. 10, 20, 30, 50 ಎಲ್ಲವನ್ನೂ ಹಾಕಿ ನೋಡಿ ಚೆನ್ನಾಗಿ ಕಂಡದ್ದನ್ನು ಇಟ್ಟುಕೊಂಡರೆ ಅದು ಮುಂದಿನ ವರ್ಷ ಕೆಲಸ ಮಾಡುವುದಿಲ್ಲ. ಅಕ್ಕಪಕ್ಕದ ಅವಧಿಗಳಲ್ಲೂ ಹೆಚ್ಚುಕಡಿಮೆ ಅದೇ ಫಲ ಬಂದರೆ ಮಾತ್ರ ನಂಬಿ.

ಆನ್-ಆಫ್ ಬದಲು ಸೈಜ್

ನನ್ನ ಅಭಿಪ್ರಾಯ ಸ್ಪಷ್ಟ. ಈಕ್ವಿಟಿ ಕರ್ವ್ ಯಾವ ಷೇರು ಕೊಳ್ಳಬೇಕು ಎಂದು ಹೇಳುವುದಿಲ್ಲ. ಯಾವಾಗ ನಿಲ್ಲಿಸಬೇಕು ಎಂಬುದನ್ನೂ ಅಪರೂಪಕ್ಕೆ ಮಾತ್ರ ಹೇಳುತ್ತದೆ. ಎಷ್ಟು ಹಾಕಬೇಕು ಎಂಬುದಕ್ಕೆ ಮಾತ್ರ ಅದು ಒಳ್ಳೆಯ ಸಲಹೆಗಾರ.

ಇದಕ್ಕೆ ಹಿಂದೆ ಒಂದು ಗಟ್ಟಿ ಲೆಕ್ಕ ಇದೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ ಜಾನ್ ಕೆಲ್ಲಿ 1956ರಲ್ಲಿ, ಬಂಡವಾಳ ದೀರ್ಘಕಾಲದಲ್ಲಿ ಅತಿ ವೇಗವಾಗಿ ಬೆಳೆಯಬೇಕಾದರೆ ಪ್ರತಿ ಸಲ ಎಷ್ಟು ಪಣಕ್ಕಿಡಬೇಕು ಎಂಬ ಸೂತ್ರ ಕೊಟ್ಟರು. ಆ ಸೂತ್ರವನ್ನು ಪೂರ್ತಿ ಪಾಲಿಸಿದರೆ, ಆದರ್ಶ ಸ್ಥಿತಿಯ ಲೆಕ್ಕದಲ್ಲೂ ಖಾತೆ ಎಂದಾದರೊಮ್ಮೆ ಶುರುವಿನ ಅರ್ಧಕ್ಕೆ ಬೀಳುವ ಸಾಧ್ಯತೆ ಶೇ. 50 ಇರುತ್ತದೆ. ಅದರ ಅರ್ಧದಷ್ಟೇ ಹಾಕಿದರೆ ಆ ಸಾಧ್ಯತೆ ಶೇ. 12.5ಕ್ಕೆ ಇಳಿಯುತ್ತದೆ. ಬೆಳವಣಿಗೆಯ ವೇಗ ಮಾತ್ರ ನಾಲ್ಕರಲ್ಲಿ ಮೂರು ಪಾಲು ಉಳಿಯುತ್ತದೆ. ಕಾಲು ಪಾಲು ವೇಗ ಬಿಟ್ಟುಕೊಟ್ಟು ಇಷ್ಟು ನೆಮ್ಮದಿ ಸಿಗುವುದಾದರೆ ನಾನು ಕಣ್ಣುಮುಚ್ಚಿ ಒಪ್ಪುತ್ತೇನೆ.

ಹಾಗಾಗಿ ಗೆರೆ ಶಿಖರದಿಂದ ಒಂದು ಮಟ್ಟ ಇಳಿದಾಗ ಪ್ರತಿ ಟ್ರೇಡ್‌ನ ರಿಸ್ಕ್ ಅನ್ನು ಅರ್ಧ ಮಾಡಿ. ಮಟ್ಟ ಎಷ್ಟು ಎಂಬುದನ್ನು ಮೇಲಿನ ಕಲಸುವ ಪರೀಕ್ಷೆಯಿಂದ ತೆಗೆದುಕೊಳ್ಳಿ. 950 ಗೆರೆಗಳ ಮಿತಿ ಶೇ. 14 ಬಂದಿದ್ದರೆ, ಶೇ. 9 ಅಥವಾ 10ರಲ್ಲಿ ಅರ್ಧ ಮಾಡಿ. ಶೇ. 14 ದಾಟಿದರೆ ಹೊಸ ಟ್ರೇಡ್ ನಿಲ್ಲಿಸಿ ಪೂರ್ತಿ ತಪಾಸಣೆ ಮಾಡಿ. ಇದಕ್ಕೊಂದು ಬೆಲೆ ಇದೆ: ರಿಸ್ಕ್ ಅರ್ಧವಾದರೆ ಕಳೆದದ್ದನ್ನು ಮರಳಿ ಗಳಿಸಲು ಸುಮಾರು ಎರಡರಷ್ಟು ಟ್ರೇಡ್ ಬೇಕು. ಅದನ್ನು ಮೊದಲೇ ಒಪ್ಪಿಕೊಂಡಿರಬೇಕು. ಇಳಿತದ ಮಧ್ಯೆ ಕೂತು ಈ ಮಟ್ಟಗಳನ್ನು ಬದಲಾಯಿಸುವಂತಿಲ್ಲ.

ಏರುವಾಗಿನ ದೋಷವೂ ಇದೇ ಜಾಗದಲ್ಲಿ ಸಿಗುತ್ತದೆ. ಗೆರೆ ಹೊಸ ಶಿಖರ ಮುಟ್ಟಿದಾಗ ಶೇ. 1ರಿಂದ ಶೇ. 3ಕ್ಕೆ ಹಾರುವುದು. ಮುಂದಿನ ಮಾಮೂಲು ಸೋಲಿನ ಸಾಲು ಮೂರು ಪಟ್ಟು ದೊಡ್ಡದಾಗಿ ಬರುತ್ತದೆ. ತಿಂಗಳುಗಟ್ಟಲೆ ಗಳಿಸಿದ್ದು ಎರಡು ವಾರದಲ್ಲಿ ಹೋಗುತ್ತದೆ. ಶೇಕಡಾವಾರು ರಿಸ್ಕ್ ಇಟ್ಟಿದ್ದರೆ ಖಾತೆ ಬೆಳೆದಂತೆ ಪೊಸಿಷನ್ ತಾನಾಗಿಯೇ ಬೆಳೆಯುತ್ತದೆ. ಶೇಕಡಾವಾರನ್ನೇ ಏರಿಸುವ ಅಗತ್ಯ ಇಲ್ಲ.

ಮತ್ತೆ ಶುರು ಮಾಡುವಾಗ

ಪೂರ್ತಿ ನಿಲ್ಲಿಸಿದ್ದರೆ ಮರಳುವ ಷರತ್ತನ್ನು ನಿಲ್ಲಿಸಿದ ದಿನವೇ ಬರೆಯಿರಿ. ನೆರಳು ಗೆರೆಯಲ್ಲಿ ಕೊನೆಯ 30 ಟ್ರೇಡ್‌ಗಳ ಸರಾಸರಿ ಗಳಿಕೆ ಖರ್ಚು ಕಳೆದು ಧನಾತ್ಮಕ ಆಗಿರಬೇಕು. ತಪಾಸಣೆಯಲ್ಲಿ ಸಿಕ್ಕ ದೋಷ ಏನು, ಏನು ಬದಲಾಯಿಸಿದಿರಿ ಎಂಬುದು ಹಾಳೆಯಲ್ಲಿ ತಾರೀಖಿನ ಸಮೇತ ಇರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ಆಮೇಲೆ ತಿಳಿಯುವುದಿಲ್ಲ. ಅರ್ಧ ರಿಸ್ಕ್‌ನಿಂದ ಶುರು ಮಾಡಿ. ಕಳೆದ ಯೂನಿಟ್ ಬೆಲೆಯ ಅರ್ಧದಷ್ಟು ಮರಳಿ ಬಂದ ಮೇಲೆ ಪೂರ್ತಿ ರಿಸ್ಕ್‌ಗೆ ಹೋಗಿ. ಉದಾಹರಣೆಗೆ, 120ರಿಂದ 104ಕ್ಕೆ ಇಳಿದಿದ್ದರೆ 112 ದಾಟಿದ ಮೇಲೆ.

ತಪಾಸಣೆಯಲ್ಲಿ ಯಾವ ದೋಷವೂ ಸಿಗದೆ, ನೆರಳು ಗೆರೆ ಮಾತ್ರ ಇಳಿಯುತ್ತಲೇ ಇದ್ದರೆ, ವಿಧಾನ ಹಿಡಿದಿದ್ದ ಲಾಭದ ಜಾಗ ಈಗ ಇಲ್ಲ ಎಂದು ಒಪ್ಪಿಕೊಳ್ಳುವ ಸಮಯ ಅದು. ಆಗಲೂ ನೆರಳು ಹಾಳೆಯನ್ನು ನಿಲ್ಲಿಸಬೇಡಿ. ಅದಕ್ಕೆ ಹಣ ಬೇಡ, ದಿನಕ್ಕೆ ಐದು ನಿಮಿಷ ಸಾಕು. ಆ ವಿಧಾನಕ್ಕೆ ಕಾಲ ಮತ್ತೆ ಕೂಡಿಬಂದರೆ ಮೊದಲು ಗೊತ್ತಾಗುವುದು ಆ ಹಾಳೆಯಲ್ಲೇ.